ಒಂದೇ ಉಸಿರಿನ ಎಣಿಕೆ

ಮೊದಲು ಗೊತ್ತಾದದ್ದು ನನಗಲ್ಲ, ದಾರಿಯಲ್ಲಿ ಹೋಗುತ್ತಿದ್ದ ಯಾರೋ ಒಬ್ಬರಿಗೆ.

ಡೊಂಬಿವಲಿ ಸ್ಟೇಷನ್ನಿನ ಪೂರ್ವದ ಬದಿಯಲ್ಲಿ ತರಕಾರಿ ತೆಗೆದುಕೊಂಡು ಮನೆಗೆ ಬರುತ್ತಿದ್ದೆ. ಹಿಂದಿನಿಂದ ಕೂಗು ಕೇಳಿತು. "ಓ ಮಾವಶೀ, ಚಪ್ಪಲ್ ರಾಹಿಲೀ ತುಮ್ಚೀ!" ತಿರುಗಿದೆ. ನನ್ನ ಎಡಗಾಲಿನ ಚಪ್ಪಲಿ ಅಷ್ಟು ದೂರದಲ್ಲಿ, ಬೀದಿಯ ನಡುವೆ ಬಿದ್ದಿತ್ತು. ಬರಿಗಾಲಲ್ಲಿ ನಡೆದು ಬಂದಿದ್ದೆ. ಕಾಲಿಗೆ ಗೊತ್ತೇ ಆಗಿರಲಿಲ್ಲ.

ನಾಚಿಕೆಯಾಯಿತು. ಹೆದರಿಕೆ ಆಗ ಆಗಲಿಲ್ಲ.

ಮೊಮ್ಮಕ್ಕಳೇ, ನಿಧಿ, ಪ್ರಣವ್, ನಿಮಗಾಗಿ ಇದನ್ನು ಬರೆಯುತ್ತಿದ್ದೇನೆ. ನಾನು ಆಸ್ಪತ್ರೆಯಲ್ಲಿದ್ದಾಗ ನಿಮಗೆ ಯಾರೂ ಸರಿಯಾಗಿ ಏನನ್ನೂ ಹೇಳಲಿಲ್ಲ. ಮನೆಯಲ್ಲಿ ನಾವು ಮಾತಾಡುವುದು ತುಳು. ನನಗೆ ಬರೆಯಲು ಬರುವುದು ಊರಿನ ಶಾಲೆಯಲ್ಲಿ ಏಳನೆಯವರೆಗೆ ಕಲಿತ ಕನ್ನಡ ಮಾತ್ರ. ಹಾಗಾಗಿ ಮನೆಯವರ ಮಾತನ್ನೂ ಕನ್ನಡದಲ್ಲೇ ಬರೆದಿದ್ದೇನೆ. ನಿಮಗೆ ಓದಲು ಕಷ್ಟವಾದರೆ ಅಪ್ಪ ಓದಿ ಹೇಳಲಿ.

ಚಪ್ಪಲಿ ಬೀಳುವುದಕ್ಕೆ ಕೆಲವು ದಿನ ಮೊದಲು ನನಗೆ ಹೊಟ್ಟೆ ಕೆಟ್ಟಿತ್ತು. ಜ್ವರ, ಭೇದಿ. ಗಂಜಿ, ನಿಂಬೆಹುಳಿ ಉಪ್ಪಿನಕಾಯಿ, ಅಷ್ಟರಲ್ಲೇ ಗುಣವಾಯಿತು. ಅದನ್ನು ನಾನು ಮರೆತೇಬಿಟ್ಟಿದ್ದೆ. ಚಪ್ಪಲಿ ಬಿದ್ದ ಮರುದಿನ ಪಾದದಲ್ಲಿ ಇರುವೆ ಹರಿದ ಹಾಗೆ ಜುಮುಗುಟ್ಟಿತು. ಬಚ್ಚಲಿನ ಕಲ್ಲು ಹತ್ತಿಯ ಮೇಲೆ ನಿಂತ ಹಾಗೆ ಮೆತ್ತಗೆ ಅನಿಸಿತು. ಸಂಜೆ ಮಹಡಿ ಹತ್ತುವಾಗ ಎರಡು ಸಲ ಕುಳಿತೆ. ನಮ್ಮ ಬಿಲ್ಡಿಂಗಿನಲ್ಲಿ ಲಿಫ್ಟ್ ಇಲ್ಲ, ನಿಮಗೆ ಗೊತ್ತಲ್ಲ.

ಕೆಳಗಿನ ಕ್ಲಿನಿಕ್ಕಿನ ಡಾಕ್ಟರ್ ವೀಕ್‌ನೆಸ್ ಎಂದು ಇಂಜೆಕ್ಷನ್ ಕೊಟ್ಟರು.

ಅದರ ಮರುದಿನ ಬೆಳಿಗ್ಗೆ ಹಾಸಿಗೆಯಿಂದ ಏಳಲು ಆಗಲಿಲ್ಲ.

ಕಾಲಿಗೆ ಹೇಳಿದೆ, ಏಳು ಎಂದು. ಅದು ಕೇಳಲಿಲ್ಲ. ನೋವಿಲ್ಲ, ಗಾಯವಿಲ್ಲ, ಬಾವು ಇಲ್ಲ. ನನ್ನ ಕಾಲು ಬೇರೆ ಯಾರದ್ದೋ ಕಾಲಿನ ಹಾಗೆ ಮಲಗಿತ್ತು. ನಿಮ್ಮ ಅಪ್ಪ ಹರೀಶ ಓಡಿ ಬಂದ.

"ಅಮ್ಮಾ, ಎಂತ ಆದದ್ದು? ಬಿದ್ದಿರಾ?"

"ಇಲ್ಲ ಮಗಾ. ಎದ್ದರಲ್ಲವಾ ಬೀಳುವುದು?"

ಅವನು ನಗಲಿಲ್ಲ. ಅವನ ಮುಖ ನೋಡಿ ನನಗೆ ಮೊದಲ ಸಲ ಹೆದರಿಕೆ ಹುಟ್ಟಿತು.

ನನ್ನನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಎದುರಿನ ಮನೆಯ ಜೋಶಿಯವರೂ ಅವರ ಅಳಿಯನೂ ಸೇರಿ ಮೂರು ಮಹಡಿ ಕೆಳಗಿಳಿಸಿದರು. ಅದು ಲೋಡ್ ಶೆಡ್ಡಿಂಗಿನ ಹೊತ್ತು. ಮೆಟ್ಟಿಲಿನಲ್ಲಿ ಕತ್ತಲೆ ಇದ್ದದ್ದು ನನಗೆ ಒಳ್ಳೆಯದೇ ಆಯಿತು. ನಿಮ್ಮ ಅಜ್ಜ ಹೋದ ಮೇಲೆ ಪರಗಂಡಸರ ಎದುರು ತಲೆಯೆತ್ತಿ ಮಾತಾಡಿದವಳಲ್ಲ ನಾನು. ಅಂಥವಳನ್ನು ಸಾಮಾನಿನ ಹಾಗೆ ಹೊತ್ತುಕೊಂಡು ಹೋದರು. ಸೆರಗು ಸರಿಮಾಡಲು ಕೈಯೆತ್ತಿದೆ. ಕೈಯೂ ಭಾರವಾಗಿತ್ತು.

ಶೀಳ್ ಫಾಟಾ ರಸ್ತೆಯ ಗುಂಡಿಗಳಲ್ಲಿ ಎಗರಿ ಬೀಳುತ್ತ ಆಂಬುಲೆನ್ಸ್ ನವಿ ಮುಂಬಯಿಯ ದೊಡ್ಡ ಆಸ್ಪತ್ರೆಗೆ ಮುಟ್ಟಿತು. ಮೊಣಕಾಲಿಗೆ ಸಣ್ಣ ಸುತ್ತಿಗೆಯಲ್ಲಿ ಬಡಿದರು. ಕಾಲು ಜಿಗಿಯಲಿಲ್ಲ. ಕೈಕಾಲಿಗೆ ತಂತಿ ಅಂಟಿಸಿ ಕರೆಂಟಿನಂಥ ಶಾಕ್ ಕೊಟ್ಟು ನೋಡಿದರು. ಬೆನ್ನುಹುರಿಯ ಹತ್ತಿರದಿಂದ ನೀರು ತೆಗೆದರು. ಸಂಜೆ ದೊಡ್ಡ ಡಾಕ್ಟರ್ ಬಂದು ಹರೀಶನನ್ನು ಹೊರಗೆ ಕರೆದು ಮಾತಾಡಿದರು. ಒಳಗೆ ಬಂದಾಗ ಅವನು ಮೂರು ಅಕ್ಷರ ಹೇಳಿದ. ಜಿಬಿಎಸ್.

"ಅಂದರೆ ಎಂತ?"

"ನರದ ಕಾಯಿಲೆ. ಕಾಲಿಂದ ಮೇಲೆ ಹತ್ತುತ್ತದಂತೆ."

"ಎಲ್ಲಿಯವರೆಗೆ?"

ಅವನು ನನ್ನ ಎದೆಯ ಕಡೆಗೆ ನೋಡಿದ, ಮತ್ತೆ ಕಿಟಕಿಯ ಕಡೆಗೆ.

ಎದೆಗೆ ಹತ್ತಿದರೆ ಉಸಿರಾಟ ನಿಲ್ಲುತ್ತದೆ. ಆಗ ವೆಂಟಿಲೇಟರ್ ಹಾಕಬೇಕಾಗುತ್ತದೆ.

ವೆಂಟಿಲೇಟರ್ ಎಂಬ ಹೆಸರು ನನಗೆ ಹೊಸದಲ್ಲ. ನಿಮ್ಮ ಅಜ್ಜನಿಗೆ ಥಾಣೆಯಲ್ಲಿ ಅದನ್ನು ಹಾಕಿದ್ದರು. ಬಾಯಿಗೆ ನಳಿಗೆ ಹಾಕಿದ ಮೇಲೆ ಅವರ ಒಂದು ಮಾತೂ ನನಗೆ ಸಿಕ್ಕಲಿಲ್ಲ. ಮಾಜಿವಾಡಾದ ಹೋಟೆಲಿನ ಕೌಂಟರಿನಲ್ಲಿ ಇಡೀ ದಿನ ಗಟ್ಟಿಯಾಗಿ ಮಾತಾಡುತ್ತಿದ್ದ ಮನುಷ್ಯ, ಕಣ್ಣಲ್ಲಿ ಏನೋ ಹೇಳಲು ನೋಡುತ್ತ ನೋಡುತ್ತ ಹೋಗಿಬಿಟ್ಟರು. ಆ ಮಷೀನಿನ ಸದ್ದು ಎಷ್ಟೋ ಕಾಲ ನನ್ನ ಕಿವಿಯಲ್ಲಿತ್ತು. ಸಾಯುವುದಕ್ಕಿಂತ ಹೆಚ್ಚಾಗಿ ನಾನು ಹೆದರಿದ್ದು ಆ ನಳಿಗೆಗೆ.

ವಾರ್ಡಿನಲ್ಲಿ ಒಬ್ಬಳು ಕನ್ನಡದ ಡಾಕ್ಟರ್ ಇದ್ದಳು. ಧಾರವಾಡದ ಹುಡುಗಿ, ಹೆಸರು ಸ್ಮಿತಾ. ಇನ್ನೂ ಕಲಿಯುತ್ತಿದ್ದಳು. ನನ್ನ ಕೇಸ್ ಪೇಪರ್ ನೋಡಿ, "ಅಯ್ಯ, ನಮ್ಮ ಕಡೆಯವರಽ ಬಂದಾರಲ್ಲ!" ಎಂದು ಹಾಸಿಗೆಯ ಪಕ್ಕದಲ್ಲೇ ಕೂತುಬಿಟ್ಟಳು. ಅವಳ ಕನ್ನಡ ನನಗೆ ಅರ್ಧ ಅರ್ಥವಾಗುತ್ತಿತ್ತು, ನನ್ನದು ಅವಳಿಗೆ ಪುಸ್ತಕದ ಹಾಗೆ ಕೇಳುತ್ತಿತ್ತಂತೆ. ಆದರೂ ಆ ದೊಡ್ಡ ಕಟ್ಟಡದಲ್ಲಿ ಅದೊಂದು ದನಿಗಾಗಿ ನಾನು ಕಾಯುತ್ತಿದ್ದೆ.

"ನೀವು ಏನೂ ತಪ್ಪು ಮಾಡಿಲ್ರಿ, ಅಜ್ಜಿ. ನಿಮ್ಮ ಮೈಯಾಗ ಇರೋ ಕಾವಲುಗಾರರು ತಪ್ಪು ಮಾಡ್ಯಾರ," ಎಂದಳು. "ನಿಮ್ಮ ಬಿಲ್ಡಿಂಗಿನ್ಯಾಗ ವಾಚ್‌ಮನ್ ಇದ್ದಾನೇನ್ರಿ?"

"ಇದ್ದಾನೆ. ಮಲಗುತ್ತಾನೆ."

ಅವಳಿಗೆ ನಗು ಬಂತು. "ಮೈಯಾಗಿನ ವಾಚ್‌ಮನ್‌ಗಳು ಮಲಗೂದಿಲ್ಲ. ಅದಽ ಈಗ ತ್ರಾಸು."

ಅವಳು ಹೇಳಿದ್ದನ್ನು ನನಗೆ ತಿಳಿದ ಹಾಗೆ ಬರೆಯುತ್ತೇನೆ. ರೋಗಾಣು ನಮ್ಮನ್ನು ಯಾವಾಗಲೂ ಸುತ್ತಿಕೊಂಡಿರುತ್ತದೆ. ಅದನ್ನು ಮೊದಲು ತಡೆಯುವುದು ಚರ್ಮ. ಆಮೇಲೆ ಮೂಗಿನ ಸಿಂಬಳ, ಬಾಯಿಯ ಎಂಜಲು, ಹೊಟ್ಟೆಯ ಹುಳಿ. ನಾವು ಅಸಹ್ಯವೆಂದು ಒರೆಸಿ ಹಾಕುವ ಸಿಂಬಳಕ್ಕೂ ಕೆಲಸವಿದೆ. ಇವನ್ನೆಲ್ಲ ದಾಟಿ ಒಳಗೆ ಬಂದ ರೋಗಾಣುವನ್ನು ರಕ್ತದ ಬಿಳಿಕಣಗಳು ಹಿಡಿಯುತ್ತವೆ. ಅವುಗಳಲ್ಲಿ ಕೆಲವು ಯಾರು ಏನೆಂದು ವಿಚಾರಿಸುವುದಿಲ್ಲ. ಹೊರಗಿನದು ಎಂದು ಕಂಡರೆ ಸಾಕು, ನುಂಗುತ್ತವೆ. ಗಾಯದಲ್ಲಿ ಕಾಣುವ ಕೀವು ಹಾಗೆ ಹೋರಾಡಿ ಸತ್ತ ಬಿಳಿಕಣಗಳು. ಜ್ವರವೂ ಬಹಳ ಸಲ ಅವರ ಕೆಲಸದ ಬಿಸಿಯೇ ಅಂತೆ. ನಾನು ನಿಮಗೆ ಜ್ವರ ಬಂದಾಗಲೆಲ್ಲ ರೋಗವನ್ನೇ ಬೈಯುತ್ತಿದ್ದೆ.

ಇನ್ನು ಕೆಲವು ಬಿಳಿಕಣಗಳು ನಿಧಾನ. ಅವು ಒಂದೊಂದು ರೋಗಾಣುವಿನ ಮುಖವನ್ನೂ ಕಲಿತು, ಅದಕ್ಕೆ ಮಾತ್ರ ಸರಿಹೊಂದುವ ಆಂಟಿಬಾಡಿ ಎಂಬುದನ್ನು ತಯಾರಿಸುತ್ತವೆ. ಕಲಿಯಲು ಕೆಲವು ದಿನ ಬೇಕು. ಆದರೆ ಕಲಿತದ್ದನ್ನು ವರ್ಷಗಟ್ಟಲೆ ಮರೆಯುವುದಿಲ್ಲ. ನನಗೆ ಸಣ್ಣವಳಿರುವಾಗ ಬಂದ ದಡಾರ ಮತ್ತೆ ಬರಲಿಲ್ಲ. ನಿಮಗೆ ಕೊಡಿಸಿದ ಇಂಜೆಕ್ಷನ್‌ಗಳೂ ಅದಕ್ಕೇ. ರೋಗ ಬರುವ ಮೊದಲೇ ಅದರ ಮುಖವನ್ನು ಕಾವಲಿನವರಿಗೆ ತೋರಿಸಿ ಇಡುವುದು.

"ಅವಕ್ಕ ಸಾಲಿನೂ ಅದ," ಎಂದಳು ಸ್ಮಿತಾ, ತನ್ನ ಎದೆಯ ನಡುವೆ ಬೆರಳಿಟ್ಟು. "ಇಲ್ಲಿ ಥೈಮಸ್ ಅಂತ ಗ್ರಂಥಿ ಇರ್ತದ. ಸಣ್ಣಿರುವಾಗ ಒಂದು ಜಾತಿ ಬಿಳಿಕಣ ಅಲ್ಲೇ ಕಲೀತಾವ. ತಮ್ಮವರು ಯಾರು, ಹೊರಗಿನವರು ಯಾರು ಅಂತ. ತಮ್ಮವರನ್ನೇ ಹೊಡ್ಯೋವು ನಪಾಸು. ಅವನ್ನ ಹೊರಗ ಬಿಡೂದಿಲ್ಲ."

"ನನ್ನವು ಪಾಸಾಗಿ ಬಂದವೇ ಅಲ್ಲವಾ?"

"ಹೌದ್ರಿ. ಆದ್ರೂ ಕಣ್ತಪ್ಪತದ."

ನನ್ನ ಹೊಟ್ಟೆ ಕೆಡಿಸಿದ ರೋಗಾಣುವಿನ ಹೊರಮೈಯೂ ನಮ್ಮ ನರದ ಮೇಲಿನ ಹೊದಿಕೆಯೂ ಸ್ವಲ್ಪ ಒಂದೇ ತರಹ ಇದ್ದಿರಬಹುದಂತೆ. ನರ ಎಂದರೆ ವಾಯರ್. ಅದರ ಮೇಲೆ ಪ್ಲಾಸ್ಟಿಕ್ಕಿನ ಹಾಗೆ ಒಂದು ಹೊದಿಕೆ. ಕಾವಲಿನವರು ರೋಗಾಣುವನ್ನು ಓಡಿಸಿದರು. ಆಮೇಲೆ ಅದೇ ಅಂಗಿ ತೊಟ್ಟವರೆಂದು ನನ್ನ ನರಗಳನ್ನೂ ಹಿಡಿದುಕೊಂಡರು. ಹೊದಿಕೆ ಕಳಚಿದ ವಾಯರಿನಲ್ಲಿ ಮಾತು ಕಾಲಿಗೆ ತಲುಪುವುದಿಲ್ಲ. ಭೇದಿ ಸಾವಿರಾರು ಜನರಿಗೆ ಆಗುತ್ತದೆ, ಹೀಗಾಗುವುದು ಅಪರೂಪ. ನನಗೇ ಏಕೆ ಎಂದು ಕೇಳಿದೆ. ಅದು ಯಾರಿಗೂ ಗೊತ್ತಿಲ್ಲ ಎಂದಳು.

ಹೊರಗಿನಿಂದ ಬಂದ ರೋಗವಾದರೆ ಬೈಯಬಹುದಿತ್ತು. ಇದಕ್ಕೆ ಯಾರನ್ನು ಬೈಯುವುದು? ನನ್ನನ್ನು ಕಾಯುತ್ತಿದ್ದವರೇ ನನ್ನನ್ನು ತಿನ್ನುತ್ತಿದ್ದರು. ನನಗಾಗಿಯೇ ತಿನ್ನುತ್ತಿದ್ದೇವೆ ಎಂದು ನಂಬಿಕೊಂಡು ತಿನ್ನುತ್ತಿದ್ದರು.

ಆ ದಿನ ನಿಮ್ಮ ವನಿತಾತ್ತೆಯ ಅತ್ತೆ ಲೀಲಕ್ಕ ಘಣಸೋಲಿಯಿಂದ ಫ್ಲಾಸ್ಕ್ ಹಿಡಿದು ಬಂದರು.

"ಎಂತ ಮಾರಾಯ್ತಿ, ಹೀಗೆ ಮಲಗುವುದಾ? ನಿನಗೆ ರೋಗನಿರೋಧಕ ಶಕ್ತಿ ಇಲ್ಲ. ಅಮೃತಬಳ್ಳಿ ಕಷಾಯ ತಂದಿದ್ದೇನೆ, ಕುಡಿ. ಶಕ್ತಿ ಬರಲಿ."

ಸ್ಮಿತಾ ಕೇಳಿಸಿಕೊಂಡಳು. "ಆ ಶಕ್ತಿ ಹೆಚ್ಚಾಗೇ ಹಿಂಗಾಗೇದ್ರಿ ಅಮ್ಮಾರ. ಅದಕ್ಕ ಇನ್ನೂ ಕಷಾಯ ಕುಡಿಸಿದ್ರ ಹೆಂಗ? ನುಂಗೂದೂ ಈಗ ನೋಡಿಕೊಂಡು ಮಾಡಬೇಕು."

ಲೀಲಕ್ಕನಿಗೆ ಅದು ರುಚಿಸಲಿಲ್ಲ. "ಹೆಚ್ಚಾದರೂ ತೊಂದರೆ, ಕಮ್ಮಿಯಾದರೂ ತೊಂದರೆ. ಡಾಕ್ಟರಿಗೆ ಹೇಳಲಿಕ್ಕೆ ಏನಾದರೂ ಬೇಕಲ್ಲ," ಎಂದು ತುಳುವಿನಲ್ಲಿ ಗೊಣಗಿ, ಅವಳ ಎದುರು ಮುಗುಳ್ನಕ್ಕು, ಕಷಾಯವನ್ನು ತಾವೇ ಕುಡಿದರು. ಹೆಂಗಸು ಒಳ್ಳೆಯವರು. ನಾನು ಮನೆಗೆ ಬರುವವರೆಗೆ ದಿನ ಬಿಟ್ಟು ದಿನ ಬಸ್ಸಿನಲ್ಲಿ ಬಂದು ನನ್ನ ಕೂದಲು ಬಾಚಿ ಹೋದರು.

ಈಗ ಎಣಿಕೆಯ ವಿಷಯ.

ಉಸಿರಿಗೆ ಬಲವಿದೆಯೇ ಎಂದು ನೋಡಲು ಒಂದು ಸುಲಭದ ಪರೀಕ್ಷೆ ಇದೆ. ತುಂಬ ಉಸಿರು ತೆಗೆದುಕೊಂಡು, ಅದೇ ಒಂದು ಉಸಿರಿನಲ್ಲಿ ಒಂದರಿಂದ ಗಟ್ಟಿಯಾಗಿ ಎಣಿಸಬೇಕು. ಎಷ್ಟರವರೆಗೆ ಮುಟ್ಟುತ್ತದೆಯೋ ಅಷ್ಟು ಬಲ. ಸಂಜೆ ಕೇರಳದ ಸಿಸ್ಟರ್ ಬಂದು ಹಿಂದಿಯಲ್ಲಿ "ಗಿನತೀ ಬೋಲೋ ಅಮ್ಮಾ" ಎಂದಳು. ನಿಮ್ಮ ಅಪ್ಪ ಇದ್ದ, ಪಕ್ಕದ ಬೆಡ್ಡಿನವರ ಕಡೆಯ ಗಂಡಸರು ನೋಡುತ್ತಿದ್ದರು. ನನಗೆ ಸಂಕೋಚ. ಉಸಿರೆಳೆದು ಸಣ್ಣ ದನಿಯಲ್ಲಿ ಎಣಿಸಿದೆ. ಉಸಿರು ಮುಗಿಯಿತು.

"ಕಿತ್‌ನಾ ಹುವಾ?"

ನಾನು ಬೆರಳು ತೋರಿಸಲು ಹೋದೆ, ಬೆರಳು ಬಿಡಿಸಲಾಗಲಿಲ್ಲ. "ನೌ," ಎಂದೆ. ಒಂಬತ್ತು.

ಅವಳ ಮುಖ ಬದಲಾಯಿತು.

ಐದೇ ನಿಮಿಷದಲ್ಲಿ ಹಾಸಿಗೆಯ ಸುತ್ತ ಜನ ಸೇರಿದರು. ಆಕ್ಸಿಜನ್ ಬಂತು. ಐಸಿಯುಗೆ ಫೋನ್ ಹೋಯಿತು. ಯಾರೋ ಹರೀಶನ ಹತ್ತಿರ ಸಹಿಯ ವಿಷಯ ಮಾತಾಡಿದರು. ನಳಿಗೆ ಎಂಬ ಮಾತು ಕೇಳಿಸಿತು. ನಾನು ಹರೀಶನನ್ನು ನೋಡಿ ತಲೆಯಲ್ಲಾಡಿಸಿದೆ, ಬೇಡ, ಬೇಡ ಎಂದು. ಅವನು ಅಳುತ್ತಿದ್ದ. ಅಜ್ಜ ಹೋದಾಗಲೂ ನನ್ನ ಎದುರು ಅತ್ತವನಲ್ಲ.

ಸ್ಮಿತಾ ಓಡಿ ಬಂದಳು. ನನ್ನ ಮಾತು ಸರಾಗವಾಗಿದೆ, ಬೆರಳಿಗೆ ಹಾಕಿದ ಮಷೀನೂ ಸರಿ ತೋರಿಸುತ್ತಿದೆ, ಎಣಿಕೆ ಮಾತ್ರ ಇಷ್ಟು ಕಡಿಮೆ ಹೇಗೆ ಎಂದು ಅವಳಿಗೆ ಅನುಮಾನ. "ಇನ್ನೊಮ್ಮೆ ಎಣಸ್ರಿ ಅಜ್ಜಿ, ನನ್ನ ಮುಂದ," ಎಂದಳು.

ನಾನು ಎಣಿಸಿದೆ. "ಲಾಭ, ಲಾಭ, ಲಾಭ. ಎರಡು, ಎರಡು, ಎರಡು. ಮೂರು, ಮೂರು..."

ಅವಳು ಕೈಯೆತ್ತಿ ನಿಲ್ಲಿಸಿದಳು. "ತಡೀರಿ, ತಡೀರಿ. ನೀವು ಅಕ್ಕಿ ಅಳೀಲಿಕತ್ತೀರೇನು?"

ನನಗೇ ಗೊತ್ತಾಗಿರಲಿಲ್ಲ. ನಮ್ಮ ಊರಿನ ಮನೆಯಲ್ಲಿ ಅಕ್ಕಿ ಅಳೆಯುವ ಕೆಲಸ ನನ್ನದಾಗಿತ್ತು. ಮೊದಲ ಸೇರನ್ನು ಒಂದು ಎನ್ನಬಾರದು, ಲಾಭ ಎನ್ನಬೇಕು. ಮುಂದಿನ ಸೇರು ತುಂಬುವವರೆಗೆ ಅದೇ ಅಂಕಿಯನ್ನು ಹೇಳುತ್ತಲೇ ಇರಬೇಕು, ಲೆಕ್ಕ ತಪ್ಪದ ಹಾಗೆ. ಗಟ್ಟಿಯಾಗಿ ಎಣಿಸು ಎಂದರೆ ನನ್ನ ಬಾಯಿಗೆ ಬರುವುದು ಅದೊಂದೇ ಎಣಿಕೆ. ನನ್ನ ಒಂಬತ್ತು ಎಂದರೆ ಇಪ್ಪತ್ತಕ್ಕಿಂತ ಹೆಚ್ಚು.

"ನಮ್ಮ ಅವ್ವನೂ ಜ್ವಾಳ ಹಿಂಗಽ ಅಳೀತಾಳ," ಎಂದು ಸ್ಮಿತಾ ನಗುತ್ತ ಸಿಸ್ಟರಿಗೆ ಹಿಂದಿಯಲ್ಲಿ ವಿವರಿಸಿದಳು. ಸಿಸ್ಟರ್ ಹಣೆ ಚಚ್ಚಿಕೊಂಡಳು. ಐಸಿಯುಗೆ ಮತ್ತೆ ಫೋನ್ ಹೋಯಿತು. ಹರೀಶ ಕಣ್ಣೊರೆಸಿಕೊಂಡು, "ಅಮ್ಮಾ, ಅಂಗಡಿ ಇಡುವ ಅಂದಾಜಾ?" ಎಂದ. ನಾನೂ ನಕ್ಕೆ. ಬಾಯಿಯ ಒಂದು ಬದಿ ಮಾತ್ರ ನಕ್ಕಿತು. ಇನ್ನೊಂದು ಬದಿ ಅಲುಗಲಿಲ್ಲ.

ಎಲ್ಲರೂ ಅದನ್ನು ನೋಡಿದರು. ನಗು ಅಲ್ಲಿಗೇ ನಿಂತಿತು.

ಮರುದಿನ ಸರಿಯಾಗಿ ಎಣಿಸಿದರೂ ಹದಿನೇಳಕ್ಕೆ ಉಸಿರು ಮುಗಿಯಿತು. ಆಗಲೇ ಔಷಧಿ ಶುರುಮಾಡಿದ್ದರು. ಅದರ ಹೆಸರು ಐವಿಐಜಿ. ಗಾಜಿನ ಬಾಟಲಿಯಲ್ಲಿ ಬರುತ್ತದೆ, ಬಣ್ಣವಿಲ್ಲ, ಅಲುಗಿಸಿದರೆ ಸ್ವಲ್ಪ ನೊರೆ. ಗಂಟೆಗಟ್ಟಲೆ ತೊಟ್ಟಿಕ್ಕುತ್ತದೆ. ಅದು ಸಾವಿರಾರು ಜನರು ಕೊಟ್ಟ ರಕ್ತದಿಂದ ಸೋಸಿ ತೆಗೆದ ಆಂಟಿಬಾಡಿ. ದಾರಿ ತಪ್ಪಿದ ನನ್ನವುಗಳನ್ನು ಅವು ಹೇಗೋ ಸುಮ್ಮನಾಗಿಸುತ್ತವೆ. ಹೇಗೆ ಎಂಬುದು ದೊಡ್ಡ ಡಾಕ್ಟರುಗಳಿಗೂ ಪೂರ್ತಿ ಗೊತ್ತಿಲ್ಲವಂತೆ. ಆದರೆ ಕೆಲಸ ಕೂಡಲೇ ಕಾಣುವುದಿಲ್ಲ. ಔಷಧಿ ಹತ್ತುವುದು ಮೊದಲೋ, ರೋಗ ಎದೆಗೆ ಹತ್ತುವುದು ಮೊದಲೋ, ಅದು ಯಾರ ಕೈಯಲ್ಲೂ ಇರಲಿಲ್ಲ.

ಸೊಂಟ ಹೋಯಿತು. ತೋಳು ಹೋಯಿತು. ಕುತ್ತಿಗೆ ಎತ್ತಲು ಆಗಲಿಲ್ಲ. ನಾನು ಕೆಳಗಿನಿಂದ ನೀರು ಏರುವುದನ್ನು ನೋಡುತ್ತಿರುವ ಹಾಗೆ ಮಲಗಿದ್ದೆ. ಗಂಟೆಗೊಮ್ಮೆ ನನ್ನಷ್ಟಕ್ಕೇ ಎಣಿಸಿ ನೋಡುತ್ತಿದ್ದೆ. ಎಣಿಸಲು ಹೆದರಿಕೆ, ಎಣಿಸದಿರಲೂ ಹೆದರಿಕೆ.

ಆ ಸಂಜೆ ಮತ್ತೆ ಪರೀಕ್ಷೆ. ಆ ಅಂಕಿಯೇ ನಳಿಗೆಯನ್ನು ತೀರ್ಮಾನಿಸುತ್ತದೆ ಎಂದು ಈಗ ನನಗೆ ಗೊತ್ತಿತ್ತು. ಉಸಿರೆಳೆದು, ನಾಲಿಗೆ ಎಷ್ಟು ಓಡುತ್ತದೋ ಅಷ್ಟು ವೇಗವಾಗಿ ಎಣಿಸಿದೆ. ಇಪ್ಪತ್ತನಾಲ್ಕು!

ಸ್ಮಿತಾ ನಗಲಿಲ್ಲ. ಪಕ್ಕದಲ್ಲಿ ಕುಳಿತು ನನ್ನ ಕೈ ಹಿಡಿದಳು. ಹಿಡಿದದ್ದು ಕಣ್ಣಿಗೆ ಕಂಡಿತು, ಕೈಗೆ ಗೊತ್ತಾಗಲಿಲ್ಲ.

"ಲೋಕಲ್ ಹಿಡಿಯೋರ ಗತೆ ಓಡಿದ್ರಲ್ಲ ಅಜ್ಜಿ. ಈ ಅಂಕಿ ಯಾರಿಗೆ ತೋರಸಲಿಕ್ಕೆ?"

ನನಗೆ ಅಳು ಬಂತು. ಅಜ್ಜನ ನಳಿಗೆಯ ವಿಷಯ ಅವಳಿಗೆ ಹೇಳಿದೆ. ಮಗನಿಗೂ ಹೇಳದಿದ್ದದ್ದನ್ನು ಹೇಳಿದೆ. ಅವಳು ಪೂರ್ತಿ ಕೇಳಿದಳು.

"ಅಜ್ಜಾರಿಗೆ ಏನಾಗಿತ್ತೋ ನನಗ ಗೊತ್ತಿಲ್ಲ. ನಿಮ್ಮ ಪುಪ್ಪುಸ ಚಲೋ ಅದ. ವಾಯರ್ ಅಷ್ಟಽ ಕೆಟ್ಟದ. ಅದರ ಹೊದಿಕೆ ಮತ್ತ ಬೆಳೀತದ, ನಿಧಾನಕ್ಕ. ಅಲ್ಲೀತನಕಾ ಮಷೀನು ನಿಮ್ಮ ಬದಲಿ ಉಸಿರಾಡ್ತದ. ಬ್ಯಾಡಾದ್ರ ಹಾಕೂದಿಲ್ಲ. ಬೇಕಾದ ಹೊತ್ತಿಗೆ ತಡ ಆದ್ರ ಮಾತ್ರ ನನ್ನ ಕೈಲೆ ಏನೂ ಆಗೂದಿಲ್ಲ." ಆಮೇಲೆ ಸಣ್ಣ ದನಿಯಲ್ಲಿ ಹೇಳಿದಳು. "ನನಗ ಖರೇ ಅಂಕಿ ಬೇಕ್ರಿ."

ನಾನು ಹರೀಶನನ್ನು ಹತ್ತಿರ ಕರೆಸಿದೆ.

"ಅವರು ಬೇಕು ಎಂದರೆ ಹಾಕಲಿ. ನೀನು ಸಹಿ ಮಾಡು. ಆಮೇಲೆ ನೀನು ಬೇಸರ ಮಾಡಿಕೊಳ್ಳಬಾರದು."

"ನಿಮಗೆ ಹೆದರಿಕೆ ಆಗುವುದಿಲ್ಲವಾ ಅಮ್ಮ?"

"ಆಗುತ್ತದೆ," ಎಂದೆ. ಬೇರೆ ಹೇಳಲು ಏನಿತ್ತು?

ಮತ್ತೆ ಎಣಿಸಿದೆ. ಒಂದು, ಎರಡು, ಮೂರು, ಗಡಿಯಾರದ ಹಾಗೆ.

ಹದಿಮೂರು.

ಐಸಿಯುಗೆ ಕರೆದುಕೊಂಡು ಹೋದರು. ನಳಿಗೆ ಹಾಕಲಿಲ್ಲ, ಆದರೆ ಮಷೀನನ್ನು ತಲೆಯ ಹತ್ತಿರವೇ ತಂದಿಟ್ಟರು. ಹರೀಶ ಹೊರಗಿನಿಂದ ಬಟನ್ ಫೋನ್ ಕೊಟ್ಟು ಕಳಿಸಿದ. ಸಿಸ್ಟರ್ ನನ್ನ ಕಿವಿಗೆ ಹಿಡಿದಳು. ನಿಧಿ, ನೀನು ಮಾತಾಡಿದ್ದು ನೆನಪಿದೆಯಾ? "ಅಜ್ಜಿ, ತುಮ್ ಘರ್ ಕಬ್ ಆಓಗೀ?" ಮನೆಗೆ ಯಾವಾಗ ಬರುತ್ತೀ ಎಂದು ನಿನ್ನ ಹಿಂದಿಯಲ್ಲಿ ಕೇಳಿದೆ. ನಾನು ಉತ್ತರ ಕೊಡಲಿಲ್ಲ ಎಂದು ಸಿಟ್ಟಾಗಿದ್ದೆಯಂತೆ. ಉಸಿರನ್ನು ಎಣಿಕೆಗೆ ಉಳಿಸಿಕೊಂಡಿದ್ದೆ ಮಗಾ.

ಮರುದಿನ ಹನ್ನೆರಡು.

ಅದರ ಮರುದಿನ ಬೆಳಿಗ್ಗೆ ಹನ್ನೆರಡು. ಮಧ್ಯಾಹ್ನವೂ ಹನ್ನೆರಡು. ಹೆಚ್ಚಾಗಲಿಲ್ಲ. ಆದರೆ ಇಳಿಯಲಿಲ್ಲ. ದೊಡ್ಡ ಡಾಕ್ಟರ್ ಮೊದಲ ಸಲ ನನ್ನ ಮುಖ ನೋಡಿ "ಛಾನ್" ಎಂದರು. ಚೆನ್ನಾಗಿದೆ ಎಂದು. ಇಳಿಯದಿರುವುದೂ ಒಂದು ಒಳ್ಳೆಯ ಸುದ್ದಿ ಎಂದು ನನಗೆ ಆವತ್ತು ತಿಳಿಯಿತು. ಆಮೇಲೆ ಹದಿನಾಲ್ಕಾಯಿತು. ಒಂದು ದಿನ ಬೆಳಿಗ್ಗೆ ಆ ಮಷೀನನ್ನು ಇನ್ನೊಬ್ಬರ ಹಾಸಿಗೆಯ ಹತ್ತಿರ ತಳ್ಳಿಕೊಂಡು ಹೋದರು. ನನಗೆ ಸಮಾಧಾನವಾಯಿತು. ಆ ಇನ್ನೊಬ್ಬರನ್ನು ನೆನೆದು ಆ ಸಮಾಧಾನಕ್ಕೇ ನಾಚಿಕೆಯಾಯಿತು.

ಆಮೇಲಿನದು ನಿಮಗೆ ಗೊತ್ತು. ಗಾಲಿ ಕುರ್ಚಿ, ವಾಕರ್, ಫಿಸಿಯೋಥೆರಪಿಗೆ ಬರುತ್ತಿದ್ದ ಕದಮ್ ಬಾಯಿಯ ಬೈಗುಳ. ರೋಗ ಏರುವಾಗ ದಿನಗಳಲ್ಲಿ ಏರಿತು, ಇಳಿಯುವಾಗ ತಿಂಗಳುಗಳಲ್ಲಿ ಇಳಿಯಿತು. ಈಗಲೂ ಬೆರಳ ತುದಿ ಮಂಕು. ಸೂಜಿಗೆ ದಾರ ಪೋಣಿಸಲು ಪ್ರಣವ್ ಬೇಕು. ಕಾಲು ಜೋಮು ಹಿಡಿದರೆ ಇನ್ನೂ ಎದೆ ಧಸಕ್ಕೆನ್ನುತ್ತದೆ. ಸುಮ್ಮನೆ ಮಗ್ಗುಲು ಬದಲಿಸಿ ಕಾಯುತ್ತೇನೆ. ರಕ್ತ ಕೊಟ್ಟ ಆ ಸಾವಿರಾರು ಜನರು ಯಾರು, ಯಾವ ಊರಿನವರು, ಯಾವ ಜಾತಿಯವರು ಎಂದು ನನಗೆ ತಿಳಿಯುವುದಿಲ್ಲ. ಅವರು ತಡೆದ ರೋಗಗಳ ನೆನಪು ಸ್ವಲ್ಪ ದಿನ ನನ್ನ ರಕ್ತದಲ್ಲಿ ಓಡಾಡಿತು. ದೀಪ ಹಚ್ಚುವಾಗ ಅವರಿಗೂ ಒಂದು ನಮಸ್ಕಾರ ಹೇಳುತ್ತೇನೆ.

ಹೋದ ವಾರ ನನಗೆ ಶೀತವಾಯಿತು. ಮೂಗು ಸುರಿಯಿತು, ಮೈ ಬೆಚ್ಚಗಾಯಿತು. ಕಾಯಿಲೆಯ ನಂತರ ಇದೇ ಮೊದಲು. ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ. ನಿಮ್ಮ ಅಪ್ಪ ಕೆಲಸಕ್ಕೆ ರಜೆ ಹಾಕಿದ. ಆ ಕಾಯಿಲೆ ಮತ್ತೆ ಬರುವುದು ಅಪರೂಪ ಎಂದು ಸ್ಮಿತಾ ಹೇಳಿ ಕಳಿಸಿದ್ದಳು, ಬರುವುದೇ ಇಲ್ಲ ಎಂದು ಹೇಳಿರಲಿಲ್ಲ. ನಾನು ಕಂಬಳಿ ಹೊದ್ದು ಕುಳಿತೆ. ಮೈಯೊಳಗೆ ಆ ಕಾವಲಿನವರು ಎದ್ದಿದ್ದಾರೆ, ಕೆಲಸಕ್ಕೆ ಇಳಿದಿದ್ದಾರೆ ಎಂದು ನನಗೆ ಗೊತ್ತಿತ್ತು. ಅವರನ್ನು ತಡೆಯುವ ಹಾಗಿಲ್ಲ, ಅವರಿಲ್ಲದೆ ಒಂದು ದಿನ ಬದುಕುವ ಹಾಗಿಲ್ಲ. ನನ್ನನ್ನು ಕೊಲ್ಲಲು ಬಂದವರೂ ಇಷ್ಟು ವರ್ಷ ಉಳಿಸಿದವರೂ ಅವರೇ. ಈ ಸಲ ಗುರುತು ಹಿಡಿಯುತ್ತಾರೋ ಇಲ್ಲವೋ.

ನಾಲ್ಕೈದು ದಿನಕ್ಕೆ ಮೂಗು ಒಣಗಿತು. ಜ್ವರ ಬಿಟ್ಟಿತು. ಕಾಲು ಕಾಲಾಗಿಯೇ ಇತ್ತು.

ಅವರು ಬಂದು, ಕೆಲಸ ಮುಗಿಸಿ, ನಿಲ್ಲಿಸಿದರು. ನಿಲ್ಲಿಸುವುದೂ ಅವರ ಕೆಲಸವೇ ಅಂತೆ. ಇವತ್ತು ಬೆಳಿಗ್ಗೆ ನಾನೇ ಎದ್ದು ಚಾ ಇಟ್ಟೆ. ಹಾಲು ಉಕ್ಕುವುದನ್ನು ನೋಡುತ್ತ ನಿಂತೆ. ನಿಂತಿದ್ದೇನೆ ಎಂಬುದು ನನಗೆ ಸ್ವಲ್ಪ ಹೊತ್ತು ಮರೆತೇಹೋಗಿತ್ತು.